ಮುಚ್ಚಿಟ್ಟ ಪಾಪ, ಮುಚ್ಚುವ ದೇವರು

ನಮ್ಮ ಕಡೆ, ಅಂದರೆ ರಾಯಚೂರು, ಕಲಬುರ್ಗಿ, ಬೀದರದ ಕಡೆ, ‘ತೋಬಾ ತೋಬಾ’ ಅನ್ನುವುದಕ್ಕೆ ಮುಸಲ್ಮಾನನೇ ಆಗಿರಬೇಕೆಂದಿಲ್ಲ. ಬಿಸಿಲು ಹೆಚ್ಚಾದರೂ ತೋಬಾ, ಉಳ್ಳಾಗಡ್ಡಿ ರೇಟು ಏರಿದರೂ ತೋಬಾ, ಪಕ್ಕದ ಮನೆಯ ಹುಡುಗ ಸಿಗರೇಟು ಸೇದಿದ್ದು ಕಂಡರಂತೂ ಎರಡೂ ಕೆನ್ನೆ ಮುಟ್ಟಿಕೊಂಡು ತೋಬಾ ತೋಬಾ. ಈ ಹೈದರಾಬಾದಿನ ದಖನಿಯಲ್ಲೂ ಅದೇ ಕಥೆ. ಕೇಳಿದವರಿಗೆ ಅದು ‘ಶಿವ ಶಿವಾ’ ಇದ್ದ ಹಾಗೆ ಒಂದು ಉದ್ಗಾರ, ಅಷ್ಟೆ. ಮಜಾ ಏನೆಂದರೆ, ಬಹುಮಟ್ಟಿಗೆ ನಾವು ಅದನ್ನು ಬಳಸುವುದು ಮತ್ತೊಬ್ಬರ ಪಾಪ ಕಂಡಾಗ. ಮೂಲದಲ್ಲಿ ಆ ಶಬ್ದಕ್ಕೂ ಮತ್ತೊಬ್ಬರ ಪಾಪಕ್ಕೂ ಸಂಬಂಧವೇ ಇಲ್ಲ.

ಅರಬ್ಬಿಯ ‘ತೌಬಾ’ ಎಂದರೆ ತಿರುಗಿ ಬರುವುದು, ಹೋದ ದಾರಿಯಿಂದ ಹಿಂದಕ್ಕೆ ಮರಳುವುದು. ಕುರ್‌ಆನು ಇದೇ ಕ್ರಿಯಾಪದವನ್ನು ಮನುಷ್ಯನಿಗೂ ಬಳಸುತ್ತದೆ, ದೇವರಿಗೂ ಬಳಸುತ್ತದೆ. ಮನುಷ್ಯ ದೇವರ ಕಡೆಗೆ ತಿರುಗುತ್ತಾನೆ. ದೇವರು ಮನುಷ್ಯನ ಕಡೆಗೆ ತಿರುಗುತ್ತಾನೆ. ಒಂಬತ್ತನೆಯ ಅಧ್ಯಾಯದ ಹೆಸರೇ ‘ಅತ್ತೌಬಾ’. (ಬಿಸ್ಮಿಲ್ಲಾ ಇಲ್ಲದೆ ಆರಂಭವಾಗುವ ಅಧ್ಯಾಯ ಅದೊಂದೇ.) 630ರಲ್ಲಿ ತಬೂಕಿನ ದಂಡಯಾತ್ರೆಗೆ ಹೊರಡದೆ ಮದೀನಾದಲ್ಲೇ ಉಳಿದುಕೊಂಡ ಮೂವರ ಪ್ರಸಂಗ ಅದರಲ್ಲಿ ಬರುತ್ತದೆ. ಐವತ್ತು ದಿನ ಅವರೊಡನೆ ಯಾರೂ ಮಾತಾಡಲಿಲ್ಲ. ಆಮೇಲೆ ಕ್ಷಮೆಯ ಸುದ್ದಿ ಬಂತು. ಆ ವಾಕ್ಯದ ಕ್ರಮವನ್ನು ಗಮನಿಸಬೇಕು: ಅವರು ತಿರುಗಿದರು, ಆದ್ದರಿಂದ ದೇವರು ತಿರುಗಿದ ಎಂದಿಲ್ಲ. ಅವರು ತಿರುಗಲೆಂದು ದೇವರೇ ಮೊದಲು ತಿರುಗಿದ ಎಂದಿದೆ. ನಾನು ತೌಬಾ ಮಾಡಿದರೆ ಅವನು ನನ್ನ ಕಡೆ ತಿರುಗುತ್ತಾನೆಯೇ ಎಂದು ಒಬ್ಬಾತ ಬಸ್ರಾದ ರಾಬಿಯಾಳನ್ನು ಕೇಳಿದನಂತೆ. ಎಂಟನೆಯ ಶತಮಾನದ ಆ ಹೆಣ್ಣು ಸಂತಳು ಕೊಟ್ಟ ಉತ್ತರದ ಸಾರ ಇಷ್ಟು: ನೀನು ಹೇಳುವುದು ಉಲ್ಟಾ, ಅವನು ತಿರುಗಿದರೆ ಮಾತ್ರ ನಿನಗೆ ತೌಬಾ ಮಾಡುವ ಬುದ್ಧಿ ಬಂದೀತು.

ಈ ವಿಷಯ ಬರೆಯಲೇಬೇಕೆನಿಸಿದ್ದು ನಮ್ಮ ಸಾಹಿತ್ಯ ಕೂಟದಲ್ಲಿ ನಡೆದ ಒಂದು ಜಗಳದಿಂದ. ಅನಂತಮೂರ್ತಿಯವರ ‘ಸಂಸ್ಕಾರ’ ಚರ್ಚೆಗಿತ್ತು. ಕಾದಂಬರಿ ಬಂದದ್ದು 1965ರಲ್ಲಿ. ಇಂದಿಗೂ ನಮ್ಮಂಥ ಹುಡುಗರನ್ನು ಜಗಳಕ್ಕೆ ಹಚ್ಚುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಪ್ರಾಣೇಶಾಚಾರ್ಯರು ಚಂದ್ರಿಯ ಜೊತೆ ಕೂಡಿದ ಸಂಗತಿಯನ್ನು ಅಗ್ರಹಾರದ ಮುಂದೆ ಹೇಳಬೇಕಿತ್ತೋ ಇಲ್ಲವೋ ಎಂಬುದು ಪ್ರಶ್ನೆ. ಹೇಳದಿದ್ದರೆ ಅದು ಆತ್ಮವಂಚನೆ, ಹೇಳುವುದೇ ಪ್ರಾಮಾಣಿಕತೆ ಎಂದು ಒಬ್ಬ ಗೆಳೆಯ ಮೇಜು ಗುದ್ದಿದ. ನಾನು, ಎಲ್ಲವನ್ನೂ ಹೇಳಲೇಬೇಕು ಅನ್ನುವುದು ಯಾವ ನ್ಯಾಯ ಎಂದೆ. ಅವನು ನನ್ನ ಕಡೆ ತಿರುಗಿ, “ಅದು ಸರಿಯಪ್ಪಾ, ನಿಮ್ಮಲ್ಲಿ ಪಾದ್ರಿಯೂ ಇಲ್ಲ, ಪ್ರಾಯಶ್ಚಿತ್ತ ಮಾಡಿಸೋ ಭಟ್ಟರೂ ಇಲ್ಲ. ಮತ್ತೆ ಪಾಪ ಮಾಡಿದರೆ ಯಾರಿಗೆ ಹೇಳ್ತೀರಿ?” ಎಂದ. “ಯಾರಿಗೂ ಹೇಳೋದಿಲ್ಲ” ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಅದೇ ಶಾಸ್ತ್ರ.

ನವ್ಯದವರನ್ನು ಓದಿ ಬೆಳೆದ ನಮಗೆ ಒಂದು ನಂಬಿಕೆ ಗಟ್ಟಿಯಾಗಿದೆ: ಒಳಗಿದ್ದುದನ್ನು ಹೊರಗೆ ಹಾಕಿದವನು ದೊಡ್ಡವನು, ಮುಚ್ಚಿಟ್ಟವನು ಸೋಗಲಾಡಿ. ಗಾಂಧೀಜಿಯ ಆತ್ಮಕಥೆಯೂ ಇದಕ್ಕೆ ನೀರೆರೆದಿದೆ. ಇಸ್ಲಾಮು ಈ ನಂಬಿಕೆಗೆ ನೇರ ಎದುರು ನಿಂತು, ನಿನ್ನ ಮತ್ತು ನಿನ್ನನ್ನು ಹುಟ್ಟಿಸಿದವನ ನಡುವಿನ ಪಾಪವನ್ನು ಮೂರನೆಯವನ ಕಿವಿಗೆ ಹಾಕಬೇಡ ಎನ್ನುತ್ತದೆ. ಹೇಳದಿರುವುದಕ್ಕೆ ಬರೀ ಅನುಮತಿ ಇದೆ ಎಂದಲ್ಲ, ಹೇಳುವುದೇ ಇನ್ನೊಂದು ಪಾಪ. ಆದ್ದರಿಂದ ಈ ಲೇಖನದಲ್ಲಿ ನನ್ನ ಸ್ವಂತ ಉದಾಹರಣೆ ಬಂದೀತೆಂದು ಯಾರೂ ಕಾಯಬೇಕಿಲ್ಲ!

ಶಬ್ದಗಳನ್ನೇ ನೋಡ್ರಿ. ಕ್ಷಮೆಗೆ ಕುರ್‌ಆನು ಬಳಸುವ ಒಂದು ಮುಖ್ಯ ಶಬ್ದ ‘ಮಗ್‌ಫಿರತ್’. ಅದರ ಧಾತುವಿನ ಅರ್ಥ ಮುಚ್ಚುವುದು, ಮರೆಮಾಡಿ ಕಾಪಾಡುವುದು. ಯುದ್ಧದಲ್ಲಿ ತಲೆಗೆ ಹಾಕುವ ಕವಚಕ್ಕೂ ಅದೇ ಧಾತುವಿನಿಂದ ‘ಮಿಗ್‌ಫರ್’ ಎಂದು ಹೆಸರು. ನಮ್ಮ ಓಣಿ ಓಣಿಯಲ್ಲೂ ಒಬ್ಬ ಅಬ್ದುಲ್ ಗಫಾರ್, ಒಬ್ಬ ಅಬ್ದುಲ್ ಸತ್ತಾರ್ ಸಿಗುತ್ತಾರೆ. ಗಫಾರ್ ಎಂದರೆ ಮತ್ತೆ ಮತ್ತೆ ಕ್ಷಮಿಸುವವನು, ಸತ್ತಾರ್ ಎಂದರೆ ಮುಚ್ಚುವವನು, ಪರದೆ ಎಳೆಯುವವನು. ಆ ಮುಚ್ಚುವವನ ಸೇವಕ ಅಬ್ದುಲ್ ಸತ್ತಾರ್. ಸೈಕಲ್ ಪಂಕ್ಚರ್ ಹಾಕುವ ಸತ್ತಾರ್‌ಭಾಯಿಯನ್ನು ಕೂಗುವಾಗಲೆಲ್ಲ ನಾವು, ಗೊತ್ತಿಲ್ಲದೆ, ಒಂದು ಇಡೀ ಧರ್ಮಶಾಸ್ತ್ರವನ್ನು ಕೂಗುತ್ತಿರುತ್ತೇವೆ.

ಮಸೀದಿಯಲ್ಲಿ ಪಾಪನಿವೇದನೆಯ ಕೋಣೆ ಇಲ್ಲ. ರೋಮನ್ ಚರ್ಚು 1215ರ ಲ್ಯಾಟರನ್ ಸಭೆಯಲ್ಲಿ, ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳಬೇಕೆಂದು ವಿಧಿಸಿತು. ಅದರಲ್ಲೂ ಒಂದು ಮನಃಶಾಸ್ತ್ರವಿದೆ, ನಾನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಇಮಾಮನಿಗೆ ಅಂಥ ಅಧಿಕಾರವಿಲ್ಲ. ಅವನು ನಮಾಜಿನಲ್ಲಿ ನಮ್ಮ ಮುಂದೆ ನಿಲ್ಲುತ್ತಾನೆ; ನಮ್ಮ ಮತ್ತು ದೇವರ ಮಧ್ಯೆ ನಿಲ್ಲುವುದಿಲ್ಲ. ಇಬ್ನ್ ಉಮರ್ ನಿರೂಪಿಸಿದ ಒಂದು ಹದೀಸಿನ ಚಿತ್ರ ನನಗೆ ಬಹಳ ಇಷ್ಟ. ಕಡೆಯ ದಿನ ದೇವರು ವಿಶ್ವಾಸಿಯೊಬ್ಬನನ್ನು ಹತ್ತಿರಕ್ಕೆ ಕರೆದು, ಬೇರೆ ಯಾರಿಗೂ ಕಾಣದಂತೆ ಮರೆಮಾಡಿ, ಇಂಥ ಪಾಪ ನೆನಪಿದೆಯೇ, ಇಂಥದು ನೆನಪಿದೆಯೇ ಎಂದು ಕೇಳುತ್ತಾನೆ. ಆತ ಎಲ್ಲವನ್ನೂ ಒಪ್ಪಿಕೊಂಡು, ಇನ್ನು ನಾನು ಕೆಟ್ಟೆ ಅಂದುಕೊಳ್ಳುವಾಗ, ಲೋಕದಲ್ಲಿ ಇವನ್ನು ಮುಚ್ಚಿದ್ದವನು ನಾನೇ, ಇಂದು ಮನ್ನಿಸುವವನೂ ನಾನೇ ಎಂಬರ್ಥದ ಮಾತು ಬರುತ್ತದೆ. ಎಲ್ಲ ಮನುಷ್ಯರೂ ಸೇರಿದ ಆ ಮಹಾ ಸಂತೆಯಲ್ಲಿ ಕೂಡ ಅವನ ಮಾನ ಹರಾಜಾಗುವುದಿಲ್ಲ. ನ್ಯಾಯ ವಿಚಾರಣೆ ನಡೆಯುವುದು ಕಿವಿಮಾತಿನಲ್ಲಿ!

ಇನ್ನೊಂದು ಹದೀಸು ಕನ್ನಡಿಗರಿಗೆ ಬೇರೊಂದು ಕಾರಣಕ್ಕೆ ಸ್ವಾರಸ್ಯಕರ. ಪೈಗಂಬರರ ಸಮುದಾಯದವರೆಲ್ಲ ‘ಮುಆಫಾ’, ಪಾಪವನ್ನು ತಾವೇ ಡಂಗುರ ಹೊಡೆದುಕೊಳ್ಳುವವರ ಹೊರತು ಎಂದು ಅದರ ಸಾರ. ರಾತ್ರಿ ಏನೋ ಮಾಡಿದ, ದೇವರು ಅದನ್ನು ಮುಚ್ಚಿದ. ಬೆಳಗ್ಗೆ ಎದ್ದವನೇ ಗೆಳೆಯರ ಮುಂದೆ ‘ನಿನ್ನೆ ರಾತ್ರಿ ಗೊತ್ತೇನೋ’ ಎಂದು ಶುರುಮಾಡಿ, ದೇವರು ಹೊದಿಸಿದ ಹೊದಿಕೆಯನ್ನು ತಾನೇ ಕಿತ್ತೆಸೆದ. ಅಂಥವನು ‘ಮುಜಾಹಿರ್’. ಆ ‘ಮುಆಫ್’ ಎಂಬ ಧಾತುವಿನ ಶಬ್ದವೇ ಪಾರಸಿ, ಉರ್ದುಗಳ ದಾರಿಯಲ್ಲಿ ಬಂದು ನಮ್ಮ ಕಂದಾಯ ಕಚೇರಿಯಲ್ಲಿ ‘ಮಾಫಿ’ ಆಗಿದೆ. ಹಾಸ್ಟೆಲಿನಲ್ಲಿ ಇರುವವರಿಗೆ ಮುಜಾಹಿರ್ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಭಾನುವಾರ ಬೆಳಗಿನ ಚಹಾದ ಹೊತ್ತಿಗೆ ಕಾರಿಡಾರಿನಲ್ಲಿ ಅರ್ಧ ಡಜನ್ ಸಿಗುತ್ತಾರೆ. ಅವರು ಹೇಳುವುದರಲ್ಲಿ ಮುಕ್ಕಾಲು ಸುಳ್ಳು ಎಂಬುದು ಬೇರೆ ಮಾತು.

ಇಷ್ಟೆಲ್ಲ ಚೆಂದದ ಮಾತೇ ಆಯಿತು, ಇನ್ನು ಕಷ್ಟದ್ದಕ್ಕೆ ಬರೋಣ. ಮಾಇಜ್ ಎಂಬಾತನ ಪ್ರಸಂಗ. ಈತ ಪೈಗಂಬರರ ಬಳಿ ಬಂದು ತಾನು ವ್ಯಭಿಚಾರ ಮಾಡಿದ್ದೇನೆ, ನನ್ನನ್ನು ಶುದ್ಧಗೊಳಿಸಿ ಎಂದ. ಅವರು ಮುಖ ತಿರುಗಿಸಿದರು. ಈತ ಆ ಕಡೆ ಬಂದು ನಿಂತು ಮತ್ತೆ ಹೇಳಿದ. ಮತ್ತೆ ತಿರುಗಿಸಿದರು. ಹೀಗೆ ನಾಲ್ಕು ಸಲ. ಹುಚ್ಚು ಹಿಡಿದಿದೆಯೇ, ಕುಡಿದಿದ್ದಾನೆಯೇ ಎಂದು ವಿಚಾರಿಸಿದರು. ತಪ್ಪಿಸಿಕೊಳ್ಳಲು ದಾರಿಯ ಮೇಲೆ ದಾರಿ ತೋರಿಸಿದರು. ಆತ ಜಗ್ಗಲಿಲ್ಲ. ಕೊನೆಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆಯಾಯಿತು. ಕಲ್ಲು ಬೀಳತೊಡಗಿದಾಗ ಆತ ಓಡಿದ, ಜನ ಬೆನ್ನಟ್ಟಿ ಕೊಂದರು. ಅದು ತಿಳಿದಾಗ, ಅವನನ್ನು ಬಿಟ್ಟುಬಿಡಬಾರದಿತ್ತೇ, ತೌಬಾ ಮಾಡುತ್ತಿದ್ದನೇನೋ ಎಂದು ಪೈಗಂಬರರು ಕೇಳಿದರೆಂದಿದೆ. ಹೋಗಿ ಒಪ್ಪಿಕೋ ಎಂದು ಅವನನ್ನು ಮುಂದೆ ದೂಡಿದ್ದ ಹಝ್ಝಾಲ್ ಎಂಬವನಿಗಂತೂ, ನಿನ್ನ ಬಟ್ಟೆಯಿಂದ ಅವನನ್ನು ಮುಚ್ಚಿದ್ದರೆ ನಿನಗೇ ಒಳ್ಳೆಯದಿತ್ತು ಎಂಬ ಅರ್ಥದ ಮಾತು ಬಿತ್ತು.

ಈ ಶಿಕ್ಷೆಯನ್ನು ಇಂದು ಓದುವಾಗ ಮೈ ಜುಮ್ಮೆನ್ನುತ್ತದೆ. ನನಗೂ. ಅದನ್ನು ಸಕ್ಕರೆ ಸವರಿ ಹೇಳುವುದರಲ್ಲಿ ನನಗೆ ಆಸಕ್ತಿಯಿಲ್ಲ. ನಾನು ಕೇಳುವುದಿಷ್ಟೆ: ಈ ಕಥೆಯಲ್ಲಿ ಯಾರ ಪಾತ್ರ ನಮಗೆ ಮಾದರಿ? ನಾಲ್ಕು ಸಲ ಮುಖ ತಿರುಗಿಸಿದವರದೋ, ಕೈ ಹಿಡಿದು ಎಳೆದು ತಂದ ಹಝ್ಝಾಲನದೋ? ಇಂದು ದೀನಿನ ರಕ್ಷಕರೆಂದು ತಿರುಗುವ ಬಹಳ ಮಂದಿ ಹಝ್ಝಾಲನ ಸಂತಾನ.

ಕುರ್‌ಆನು ನಲವತ್ತೊಂಬತ್ತನೆಯ ಅಧ್ಯಾಯದಲ್ಲಿ, ಬೇರೆಯವರ ಗುಟ್ಟು ಹುಡುಕುತ್ತ ಬೇಹುಗಾರಿಕೆ ಮಾಡಬೇಡಿ ಎಂದು ಸ್ಪಷ್ಟವಾಗಿ ತಡೆದಿದೆ. ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಸತ್ತ ಅಣ್ಣತಮ್ಮನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ. ಎರಡನೆಯ ಖಲೀಫ ಉಮರರ ಕಥೆ ಇದಕ್ಕೆ ಟೀಕೆಯಿದ್ದಂತೆ. ಗಜಾಲಿಯ ‘ಇಹ್ಯಾ’ ಗ್ರಂಥದಲ್ಲೂ ಅದು ಬರುತ್ತದೆ. ರಾತ್ರಿ ಗಸ್ತು ತಿರುಗುವಾಗ ಒಂದು ಮನೆಯೊಳಗೆ ಏನೋ ಸದ್ದು. ಉಮರ್ ಗೋಡೆ ಹತ್ತಿ ಇಳಿದರು. ನೋಡಿದರೆ ಗಂಡಸು, ಹೆಂಗಸು, ಮದ್ಯ. ಖಲೀಫರು ಗದರಿದಾಗ ಆ ಮನುಷ್ಯ ಹೆದರಲಿಲ್ಲ. ಸ್ವಾಮಿ, ನಾನು ಮಾಡಿದ್ದು ಒಂದು ಪಾಪ, ತಾವು ಮೂರು ಮಾಡಿದಿರಿ ಎಂದು ಲೆಕ್ಕ ಒಪ್ಪಿಸಿದ: ಬೇಹುಗಾರಿಕೆ ಬೇಡ ಎಂದಿದೆ, ಮಾಡಿದಿರಿ, ಮನೆಗೆ ಬಾಗಿಲಿಂದ ಬನ್ನಿ ಎಂದಿದೆ, ಗೋಡೆ ಹಾರಿದಿರಿ, ಅಪ್ಪಣೆ ಕೇಳಿ ಸಲಾಂ ಹೇಳಿ ಒಳಬನ್ನಿ ಎಂದಿದೆ, ಅದನ್ನೂ ಮಾಡಲಿಲ್ಲ. ಉಮರ್ ಸುಮ್ಮನೆ ಹೊರಟುಹೋದರು. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯ ಒಬ್ಬ ಕುಡುಕನ ಮುಂದೆ ವಾದದಲ್ಲಿ ಸೋತು ಗೋಡೆ ಕಡೆಯಿಂದಲ್ಲ, ಬಾಗಿಲಿಂದ ಹೋಗಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ.

ಇದು ಬರೀ ಕಥೆಯಾಗಿ ಉಳಿಯಲಿಲ್ಲ. ಹನ್ನೊಂದನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಮಾವರ್ದಿ, ಪೇಟೆಯಲ್ಲಿ ನೀತಿ ನಿಯಮ ನೋಡಿಕೊಳ್ಳುವ ಅಧಿಕಾರಿಯ ಕೆಲಸ ವಿವರಿಸುವಾಗ, ಬಹಿರಂಗವಾಗಿ ಕಾಣದ ಪಾಪಗಳನ್ನು ಕೆದಕುವ, ಪರದೆ ಹರಿಯುವ ಹಕ್ಕು ಅವನಿಗಿಲ್ಲವೆಂದು ಬರೆದ. ವ್ಯಭಿಚಾರದ ಆರೋಪಕ್ಕೆ ನಾಲ್ವರು ಕಣ್ಣಾರೆ ಕಂಡ ಸಾಕ್ಷಿಗಳು ಬೇಕು, ತರಲಾಗದಿದ್ದರೆ ಆರೋಪ ಮಾಡಿದವನಿಗೇ ಎಂಬತ್ತು ಛಡಿ ಏಟು ಎಂಬ ಕುರ್‌ಆನಿನ ನಿಯಮವನ್ನೂ ಇದರೊಂದಿಗೆ ಇಟ್ಟು ಓದಬೇಕು. ನಾಲ್ಕು ಮಂದಿ ಎದುರಿಗೆ ಯಾರು ಪಾಪ ಮಾಡುತ್ತಾರೆ? ಬಾಯಿ ಮುಚ್ಚಿಸಲೆಂದೇ ಮಾಡಿದ ನಿಯಮವಿದು.

ಅಂಥ ನಿಯಮಕ್ಕೆ ಏನು ಗತಿಯಾಯಿತು ನೋಡಿ. 1979ರಲ್ಲಿ ಪಾಕಿಸ್ತಾನದಲ್ಲಿ ಜಿಯಾ ಉಲ್ ಹಕ್ ತಂದ ಹುದೂದ್ ಸುಗ್ರೀವಾಜ್ಞೆಗಳ ಕೆಳಗೆ, ತನ್ನ ಮೇಲೆ ಅತ್ಯಾಚಾರವಾಯಿತೆಂದು ಬಂದ ಹೆಂಗಸಿನ ದೂರೇ, ಅವಳ ಬಸಿರೇ, ಅವಳ ಮೇಲೆ ವ್ಯಭಿಚಾರದ ಮೊಕದ್ದಮೆ ಹೂಡಲು ಆಧಾರವಾದ ಪ್ರಕರಣಗಳು ನಡೆದವು. ಮಾನ ಕಾಯುವ ಪರದೆಯನ್ನು ಹೊಸೆದು ಕುತ್ತಿಗೆಗೆ ಹಗ್ಗ ಮಾಡಿದರು. 2006ರಲ್ಲಿ ಅತ್ಯಾಚಾರದ ಅಪರಾಧವನ್ನು ಅದರಿಂದ ತೆಗೆದು ದಂಡಸಂಹಿತೆಗೆ ಸೇರಿಸಲು ಇಪ್ಪತ್ತೇಳು ವರ್ಷ ಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ತೆಹರಾನಿನ ನೀತಿ ಪೊಲೀಸರು ತಲೆವಸ್ತ್ರ ಸರಿಯಿಲ್ಲವೆಂದು ಹಿಡಿದೊಯ್ದ ಮಹ್ಸಾ ಅಮೀನಿ ಎಂಬ ಇಪ್ಪತ್ತೆರಡರ ಹುಡುಗಿ ವಶದಲ್ಲಿದ್ದಾಗಲೇ ಕುಸಿದು, ಮೂರನೆಯ ದಿನ ಸತ್ತಳು. ತಲೆವಸ್ತ್ರ ಬೀದಿಯ ವಿಷಯ, ಮನೆಯದಲ್ಲ ಎಂದು ವಾದಿಸುವವರಿದ್ದಾರೆ. ಗೋಡೆಯಿಂದ ಇಳಿದುಹೋದ ಉಮರರ ನೆನಪಿದ್ದವರು ಹಾಗೆ ವಾದಿಸಲಾರರು. ಸೌದಿ ಸರಕಾರ ತನ್ನ ಧರ್ಮ ಪೊಲೀಸರಿಂದ ಬೆನ್ನಟ್ಟುವ, ಬಂಧಿಸುವ ಅಧಿಕಾರವನ್ನು 2016ರಲ್ಲಿ ಕಸಿದುಕೊಂಡಿತು.

ಅಲ್ಲಿಯದು ಅಲ್ಲಿರಲಿ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದ ಮಂದಿ ಬೇರೆ ಧರ್ಮದ ಹೆಸರು ಹೇಳಿದವರು. ಅದನ್ನು ಬಯ್ಯುವುದು ನನ್ನಂಥವನಿಗೆ ಸುಲಭ. ಬುರ್ಖಾ ಹಾಕಿದ ಹುಡುಗಿ ಪರಧರ್ಮದ ಸಹಪಾಠಿಯ ಜೊತೆ ಐಸ್‌ಕ್ರೀಂ ತಿಂದಳೆಂದು ಅವಳನ್ನು ಅಡ್ಡಗಟ್ಟಿ, ಮೊಬೈಲಿನಲ್ಲಿ ಚಿತ್ರ ಹಿಡಿದು ಊರಿಗೆಲ್ಲ ಹಂಚುವ ನಮ್ಮ ಹುಡುಗರನ್ನು ಏನು ಮಾಡೋಣ? ಅವರು ಮಾಡುವುದು ದೀನಿನ ಕೆಲಸವಂತೆ. ಅವಳದು ಪಾಪವೋ ಅಲ್ಲವೋ, ಅದು ಅವಳಿಗೂ ಅವಳ ದೇವರಿಗೂ ಬಿಟ್ಟದ್ದು. ಇವರು ಮಾಡಿದ ಮೂರು ಪಾಪಗಳ ಲೆಕ್ಕವನ್ನಂತೂ ಆ ಕುಡುಕ ಎಂದೋ ಬರೆದಿಟ್ಟಿದ್ದಾನೆ.

ಈಗ ನನ್ನ ಗೆಳೆಯನ ಆಕ್ಷೇಪಣೆಗೆ ಬರಬೇಕು, ಯಾಕೆಂದರೆ ಅದು ಹಗುರವಾದದ್ದಲ್ಲ. ಮುಚ್ಚಿಡು, ಮುಚ್ಚಿಡು ಅಂತ ಹೇಳುತ್ತ ಹೋದರೆ ಹಗಲು ತಸ್ಬಿ ಹಿಡಿದು ರಾತ್ರಿ ಬೇರೇನೋ ಹಿಡಿಯುವ ಜಾತಿಯನ್ನು ನಾವೇ ಬೆಳೆಸಿದಂತಾಗುವುದಿಲ್ಲವೇ? ಗಜಾಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. 1095ರಲ್ಲಿ ಬಗ್ದಾದಿನ ನಿಜಾಮಿಯಾದ ಪ್ರಾಧ್ಯಾಪಕ ಪದವಿಯನ್ನು, ತಾನು ಕಲಿಸುತ್ತಿರುವುದು ದೇವರಿಗಾಗಿಯಲ್ಲ, ಕೀರ್ತಿಗಾಗಿ ಎಂಬ ಒಳಗುದಿಯಿಂದ ಬಿಟ್ಟುಹೋದ ಮನುಷ್ಯ ಅವನು. ಸೋಗು ಎಂದರೇನು ಅಂತ ಅವನಿಗೆ ಗೊತ್ತಿತ್ತು. ಜನ ನನ್ನನ್ನು ಮಹಾ ಪುಣ್ಯವಂತ ಅಂದುಕೊಳ್ಳಲಿ ಎಂದು ಪಾಪ ಮುಚ್ಚಿಟ್ಟರೆ ಅದು ಸೋಗು. ನಾಚಿಕೆಯಿಂದ ಮುಚ್ಚಿಟ್ಟರೆ, ಜನರ ನಾಲಗೆಯ ನೋವಿಗೆ ಅಂಜಿ ಮುಚ್ಚಿಟ್ಟರೆ, ನನ್ನನ್ನು ನೋಡಿ ಇನ್ನೊಬ್ಬ ಕೆಡದಿರಲಿ ಎಂದು ಮುಚ್ಚಿಟ್ಟರೆ ಅದು ಸೋಗಲ್ಲ. ಕ್ರಿಯೆ ಒಂದೇ, ಒಳಗಿನ ಲೆಕ್ಕ ಬೇರೆ. ಆ ಲೆಕ್ಕ ಹೊರಗಿನವನಿಗೆ ಸಿಗುವುದಿಲ್ಲ. ಸಿಗುವುದಿಲ್ಲ ಎಂಬ ಕಾರಣಕ್ಕೇ ಅವನು ತೀರ್ಪು ಕೊಡಬಾರದು. ಮತ್ತೆ ಮತ್ತೆ ಅದೇ ಪಾಪಕ್ಕೆ ಬೀಳುವವನ ವಿಷಯವೂ ಹೀಗೆಯೇ: ಮಾಡಿದ, ಅತ್ತ, ಮತ್ತೆ ಮಾಡಿದ, ಮತ್ತೆ ಅತ್ತ, ಪ್ರತಿಸಲವೂ ಕ್ಷಮೆ ಸಿಕ್ಕಿತು ಎಂದು ಹದೀಸಿನಲ್ಲಿದೆ. ‘ರಾತ್ರಿ ಪಾಪ, ಬೆಳಗ್ಗೆ ತೋಬಾ’ ಎಂದು ಗೇಲಿ ಮಾಡುವವರು ಅಳುವವನನ್ನೂ ಅಳದವನನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತಾರೆ.

ಆದರೆ ಪ್ರಾಣೇಶಾಚಾರ್ಯರ ವಿಷಯದಲ್ಲಿ ಗೆಳೆಯನ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಈಗ ನನಗನಿಸುತ್ತದೆ. ಕಾಡಿನ ಕತ್ತಲಲ್ಲಿ ಚಂದ್ರಿಯೊಡನೆ ನಡೆದದ್ದು ಅವರಿಬ್ಬರದು. ಅದಕ್ಕೆ ಪರದೆ ಇರಲಿ. ಆದರೆ ಆಚಾರ್ಯರು ಬರೀ ಒಬ್ಬ ಗಂಡಸಲ್ಲ. ನಾರಣಪ್ಪನ ಹೆಣ ಕೊಳೆಯುತ್ತ ಬಿದ್ದಿದೆ, ಸಂಸ್ಕಾರ ಮಾಡಬಹುದೇ ಬಾರದೇ ಎಂಬುದಕ್ಕೆ ಇಡೀ ಅಗ್ರಹಾರ ಅವರ ಬಾಯನ್ನು ನೋಡುತ್ತಿದೆ. ಬೇರೆಯವರ ಗತಿಯನ್ನು ನಿರ್ಧರಿಸುವ ಪೀಠದಲ್ಲಿ ಕೂತವನ ಮೌನ ಅವನ ಖಾಸಗಿ ಮೌನವಾಗಿ ಉಳಿಯುವುದಿಲ್ಲ. ಇಸ್ಲಾಮು ಪರದೆಯನ್ನು ಎಲ್ಲಿಗೆ ನಿಲ್ಲಿಸುತ್ತದೆ ಎಂಬ ಪ್ರಶ್ನೆ ಇಲ್ಲಿಂದ ಶುರು. ನನ್ನ ಮಟ್ಟಿಗೆ ಇಡೀ ವಿಷಯದ ಗುಂಡಿಗೆ ಇದೇ.

ತೌಬಾಕ್ಕೆ ಮೂರು ಷರತ್ತು: ಪಾಪವನ್ನು ಬಿಡಬೇಕು, ಮಾಡಿದ್ದಕ್ಕೆ ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು. ಇದು ದೇವರ ಹಕ್ಕಿನ ಪಾಪಕ್ಕೆ. ಮನುಷ್ಯನ ಹಕ್ಕಿಗೆ ಚ್ಯುತಿಯಾಗಿದ್ದರೆ ನಾಲ್ಕನೆಯದೊಂದು ಸೇರುತ್ತದೆ: ಅವನದನ್ನು ಅವನಿಗೆ ಹಿಂತಿರುಗಿಸಬೇಕು, ಇಲ್ಲವೆ ಅವನಿಂದಲೇ ಕ್ಷಮೆ ಪಡೆಯಬೇಕು. ಹದಿಮೂರನೆಯ ಶತಮಾನದಲ್ಲಿ ಸಿರಿಯಾದ ನವವಿ ಇದನ್ನು ‘ರಿಯಾದುಸ್ಸಾಲಿಹೀನ್’ನ ಆರಂಭದಲ್ಲೇ ಬರೆದಿಟ್ಟಿದ್ದಾನೆ, ಮದರಸಾದ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ನಾವು ಮೊದಲ ಮೂರಕ್ಕೇ ನಿಲ್ಲುತ್ತೇವೆ, ಯಾಕೆಂದರೆ ಮೊದಲ ಮೂರನ್ನು ಚಾಪೆಯ ಮೇಲೆ ಕೂತು ಮಾಡಬಹುದು. ನಾಲ್ಕನೆಯದಕ್ಕೆ ಎದ್ದು ಚಪ್ಪಲಿ ಹಾಕಿಕೊಂಡು ಒಬ್ಬರ ಮನೆ ಬಾಗಿಲಿಗೆ ಹೋಗಬೇಕು.

ಹುತಾತ್ಮನಿಗೆ ಎಲ್ಲವೂ ಮನ್ನಾ, ಸಾಲದ ಹೊರತು ಎಂದು ಹದೀಸಿದೆ. ದಿವಾಳಿಯಾದವನು ಯಾರು ಗೊತ್ತೇ ಎಂದು ಪೈಗಂಬರರು ಒಮ್ಮೆ ಸಂಗಡಿಗರನ್ನು ಕೇಳಿದರು. ಹಣವಿಲ್ಲದವನು ಎಂದು ಇವರೆಂದರು. ಅಲ್ಲ, ರಾಶಿ ರಾಶಿ ನಮಾಜು, ರೋಜಾ ಹೊತ್ತುಕೊಂಡು ಕಡೆಯ ದಿನ ಬರುವವನು. ಆದರೆ ಇವನನ್ನು ಬಯ್ದಿದ್ದಾನೆ, ಅವನದನ್ನು ತಿಂದಿದ್ದಾನೆ, ಮತ್ತೊಬ್ಬನನ್ನು ಹೊಡೆದಿದ್ದಾನೆ. ಅವರೆಲ್ಲ ಬಂದು ಅವನ ಪುಣ್ಯವನ್ನು ಹಂಚಿಕೊಂಡು ಹೋಗುತ್ತಾರೆ; ಪುಣ್ಯ ಮುಗಿದ ಮೇಲೆ ತಮ್ಮ ಪಾಪವನ್ನು ಅವನ ಗಂಟಿಗೆ ಕಟ್ಟುತ್ತಾರೆ.

ಹಾಗಾದರೆ ‘ಖಾಸಗಿ’ ಎಂದರೆ ಯಾವುದು? ನಾಲ್ಕು ಗೋಡೆಯೊಳಗೆ ನಡೆದದ್ದೆಲ್ಲ ಖಾಸಗಿ ಅಲ್ಲ. ಗಂಡ ಹೆಂಡತಿಯನ್ನು ಹೊಡೆಯುವುದು ಗೋಡೆಯೊಳಗೇ ನಡೆಯುತ್ತದೆ, ‘ನಮ್ಮ ಮನೆ ವಿಚಾರ, ನಿಮಗ್ಯಾಕೆ’ ಎಂದು ಬಾಗಿಲು ಹಾಕುತ್ತಾನೆ. ಅವಳ ಬೆನ್ನು ಅವನ ಖಾಸಗಿ ಆಸ್ತಿಯಲ್ಲ. ಒಬ್ಬನೇ ಕೋಣೆಯಲ್ಲಿ ಕೂತು ಕುಡಿದವನ ಪಾಪಕ್ಕೆ ಪರದೆ ಉಂಟು. ಹೊಸ ಹುಡುಗನನ್ನು ಹಾಸ್ಟೆಲಿನ ಕೋಣೆಗೆ ಕರೆದು ಹಿಂಸೆ ಕೊಟ್ಟವನಿಗೆ ಆ ಪರದೆಯಿಲ್ಲ. ನೋವುಂಡವನು ಬಾಯಿ ಬಿಟ್ಟರೆ ಅವನನ್ನು ‘ಮಾನ ಕಳೆದ’ ಎನ್ನುವಂತಿಲ್ಲ. ಅನ್ಯಾಯಕ್ಕೆ ಒಳಗಾದವನು ಕೂಗಿ ಹೇಳಬಹುದೆಂದು ಕುರ್‌ಆನೇ ಅವನಿಗೆ ವಿನಾಯಿತಿ ಕೊಟ್ಟಿದೆ. ಗಾಂಧೀಜಿಯವರು ಅಣ್ಣನ ಕಡಗದ ಚಿನ್ನ ಕದ್ದು, ಚೀಟಿ ಬರೆದು ಅಪ್ಪನ ಕೈಗಿತ್ತರಲ್ಲ, ಈ ಲೆಕ್ಕದಲ್ಲಿ ಅದು ಸರಿಯಾದ ತೌಬಾ, ಯಾಕೆಂದರೆ ಚಿನ್ನ ಮನೆಯವರದು. ಆ ಪುಸ್ತಕದಲ್ಲಿ ಲೋಕಕ್ಕೆಲ್ಲ ಬಿಚ್ಚಿಟ್ಟ ಉಳಿದ ಕೆಲವನ್ನು ನಮ್ಮ ಮುದುಕರು ಓದಿದ್ದರೆ ‘ಬೇಟಾ, ಇದನ್ಯಾಕೆ ಬರೆದೆ, ಅವನು ಮುಚ್ಚಿದ್ದನಲ್ಲ’ ಅಂತಿದ್ದರೇನೋ.

ನಮ್ಮ ಪ್ರವಚನಕಾರರ ಮೇಲೆ ನನ್ನ ತಕರಾರು ಇಲ್ಲೇ ಇರುವುದು. ಸಿನಿಮಾ, ಹಾಡು, ಹುಡುಗಿಯರ ಉಡುಪು, ಹುಡುಗರ ಕೂದಲು ಎಂದರೆ ಧ್ವನಿವರ್ಧಕ ಹರಿದುಹೋಗುವಂತೆ ಕೂಗುತ್ತಾರೆ. ಕುರ್‌ಆನು ನಾಲ್ಕನೆಯ ಅಧ್ಯಾಯದಲ್ಲಿ ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಪಾಲು ಬರೆದಿಟ್ಟಿದೆ, ಅಂಕೆ ಸಮೇತ. ಎಷ್ಟು ಮನೆಗಳಲ್ಲಿ ಅಕ್ಕತಂಗಿಯರಿಗೆ ಅದು ಸಿಗುತ್ತಿದೆ? ಒಂದು ಸೀರೆ, ಒಂದು ಹಬ್ಬದ ಊಟ, ‘ಅಣ್ಣನಿಗೆ ಮಾಫ್ ಮಾಡಿಬಿಡಮ್ಮಾ’ ಎಂಬ ಹಿರಿಯರ ಮಾತು. ತವರು ತಪ್ಪಿಹೋದೀತೆಂಬ ಭಯಕ್ಕೆ ಅವಳು ಸಹಿ ಹಾಕುತ್ತಾಳೆ. ಹೆಂಡತಿಯ ಮಹರಿನದೂ ಇದೇ ಪಾಡು. ನಿಕಾಹಿನ ದಿನ ಎಲ್ಲರೆದುರು ಒಪ್ಪಿಕೊಂಡ ಬಾಕಿ ಅದು. ಕೆಲವು ಕಡೆ ಮದುವೆಯ ರಾತ್ರಿಯೇ ‘ಮಾಫ್ ಮಾಡು’ ಅಂತಾರೆ. ಕೆಲವು ಕಡೆ ಗಂಡನ ಹೆಣ ಅಂಗಳದಲ್ಲಿರುವಾಗ ಹೆಂಗಸರು ಅವಳನ್ನು ಹಿಡಿದುಕೊಂಡು ಬಂದು ‘ಮಾಫ್ ಮಾಡಿದೆ ಅನ್ನು’ ಅಂತಾರೆ. ದೇವರ ಬಾಯಲ್ಲಿ ಎಷ್ಟು ದೊಡ್ಡದಾಗಿದ್ದ ಶಬ್ದ ನಮ್ಮ ಬಾಯಲ್ಲಿ ಎಷ್ಟು ಅಗ್ಗವಾಗಿದೆ! ಆ ಅಣ್ಣ, ಆ ಗಂಡ ಶಬೇ ಬರಾತಿನ ರಾತ್ರಿಯಿಡೀ ಕೂತು ಕಣ್ಣೀರಿಟ್ಟರೂ ಮೊದಲ ಮೂರು ಷರತ್ತು ಮಾತ್ರ ದಾಟಿರುತ್ತಾನೆ.

ನಾಲ್ಕನೆಯ ಷರತ್ತು ಎಲ್ಲಾ ಕಡೆ ಸರಳವಾಗಿಲ್ಲ, ನಿಜ. ನಾನೊಬ್ಬನ ಬಗ್ಗೆ ಬೆನ್ನ ಹಿಂದೆ ಕೆಟ್ಟದಾಗಿ ಆಡಿದೆ ಅಂತಿಟ್ಟುಕೊಳ್ಳಿ, ಅವನಿಗೆ ಗೊತ್ತೇ ಇಲ್ಲ. ಈಗ ಹೋಗಿ ಹೇಳಿ ಕ್ಷಮೆ ಕೇಳಬೇಕೇ? ಕೇಳಲೇಬೇಕು ಎಂದವರಿದ್ದಾರೆ. ಹೇಳಿದರೆ ಇಲ್ಲದ ಗಾಯ ಮಾಡಿದಂತಾಗುತ್ತದೆ. ಅದರ ಬದಲು ಅವನಿಗಾಗಿ ಪ್ರಾರ್ಥಿಸು, ಯಾವ ಯಾವ ಗುಂಪಿನಲ್ಲಿ ಅವನನ್ನು ಹಳಿದೆಯೋ ಅದೇ ಗುಂಪಿನಲ್ಲಿ ಅವನ ಒಳ್ಳೆಯದನ್ನು ಹೇಳು ಎಂದವರೂ ಇದ್ದಾರೆ. ಎರಡನೆಯದೇ ನನಗೆ ಹಿಡಿಸುತ್ತದೆ. ಅದು ಸುಲಭವಂತೂ ಅಲ್ಲ, ಯಾರಾದರೂ ಕ್ಯಾಂಟೀನಿನಲ್ಲಿ ಒಮ್ಮೆ ಪ್ರಯತ್ನಿಸಿ ನೋಡಿ.

ಫುದೈಲ್ ಎಂಬ ದರೋಡೆಕೋರನ ಕಥೆ ಸೂಫಿಗಳ ನಡುವೆ ಪ್ರಸಿದ್ಧ. ಖುರಾಸಾನಿನ ದಾರಿಗಳಲ್ಲಿ ಸಾರ್ಥಗಳನ್ನು ದೋಚುತ್ತಿದ್ದವ. ಒಂದು ರಾತ್ರಿ ಒಬ್ಬ ಹೆಣ್ಣಿಗಾಗಿ ಗೋಡೆ ಹತ್ತುವಾಗ ಯಾರೋ ಕುರ್‌ಆನ್ ಓದುವುದು ಕಿವಿಗೆ ಬಿತ್ತು, ಅಲ್ಲಿಂದಲೇ ಇಳಿದ. (ನಮ್ಮ ಕಥೆಗಳಲ್ಲಿ ಗೋಡೆ ಹತ್ತುವವರು ಬಹಳ!) ಗೋಡೆಯ ಮೇಲಿನ ಆ ಕ್ಷಣವನ್ನೇ ಎಲ್ಲರೂ ಹೇಳುತ್ತಾರೆ, ಅಲ್ಲಿ ನಾಟಕವಿದೆ. ಅತ್ತಾರನು ಹೇಳುವ ಮುಂದಿನ ಭಾಗವನ್ನು ಹೇಳುವವರು ಕಡಿಮೆ: ಫುದೈಲ್ ತಾನು ದೋಚಿದವರನ್ನು ಹುಡುಕಿಕೊಂಡು ಹೋಗಿ ಒಬ್ಬೊಬ್ಬರನ್ನೇ ತೃಪ್ತಿಪಡಿಸತೊಡಗಿದ. ಅವರಲ್ಲಿ ಒಬ್ಬ ಯೆಹೂದಿ ಸುಲಭಕ್ಕೆ ಒಪ್ಪಲಿಲ್ಲ, ಕಷ್ಟ ಕೊಟ್ಟ. ಕೊಡಲಿ ಬಿಡಿ, ಹಕ್ಕು ಅವನದು.

ಸಾಲ ಉಳಿಸಿಕೊಂಡು ಸತ್ತವನ ಜನಾಜಾದ ನಮಾಜು ಮಾಡಿಸಲು ಪೈಗಂಬರರು ಒಮ್ಮೆ ನಿಂತಲ್ಲಿಂದ ಮುಂದೆ ಬರಲಿಲ್ಲ; ಅಬೂ ಕತಾದಾ ಎಂಬವರು ಆ ಸಾಲ ನನ್ನದು ಎಂದ ಮೇಲೆ ಮಾಡಿಸಿದರು. ಅದರ ಗುರುತು ನಮ್ಮ ಕಡೆ ಇನ್ನೂ ಉಳಿದಿದೆ. ಹೆಣವನ್ನು ಮುಂದಿಟ್ಟು ಸಾಲು ಸರಿಮಾಡಿಕೊಂಡ ಮೇಲೆ, ಸತ್ತವರ ಮಗನೋ ತಮ್ಮನೋ ಮುಂದೆ ಬಂದು ನಿಲ್ಲುತ್ತಾನೆ. “ನಮ್ಮ ಅಬ್ಬಾ ಯಾರಿಗಾದರೂ ಕೊಡೋದು ಬಾಕಿ ಇದ್ದರೆ ನನಗೆ ಬಂದು ಹೇಳ್ರಿ, ನಾನು ತೀರಿಸ್ತೀನಿ. ಮಾತಿನಿಂದ ಯಾರನ್ನಾದರೂ ನೋಯಿಸಿದ್ದರೆ ಮಾಫ್ ಮಾಡ್ರಿ” ಎನ್ನುತ್ತಾನೆ. ಸತ್ತವನು ಎಷ್ಟು ನಮಾಜು ತಪ್ಪಿಸಿದ, ಯಾವ ರಾತ್ರಿ ಎಲ್ಲಿದ್ದ, ಏನು ಕುಡಿದ ಎಂದು ಆ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಉಳಿದವರು ಬಾಯಿ ಮುಚ್ಚಿಸುತ್ತಾರೆ. ಹಿಂದಿನ ಸಾಲಿನಲ್ಲಿ ಒಮ್ಮೊಮ್ಮೆ ಕಿರಾಣಿ ಅಂಗಡಿಯವನೋ, ಕಟ್ಟಿಗೆ ಅಡ್ಡೆಯವನೋ ಕೈ ಎತ್ತುತ್ತಾನೆ. ಹೆಂಗಸರು ಆ ಸಾಲುಗಳಲ್ಲಿ ಇರುವುದಿಲ್ಲ, ಮನೆಯಲ್ಲಿರುತ್ತಾರೆ. ಮಹರಿನ ಬಾಕಿಗೆ, ತಂಗಿಯ ಪಾಲಿಗೆ ಕೈ ಎತ್ತುವವರು ಅಲ್ಲಿಲ್ಲ. ಇಮಾಮರು ತಕ್ಬೀರ್ ಹೇಳುತ್ತಾರೆ.